ಬೋರಮ್ಮ ತಡೆದು ಕೂರಿಸಿದ ಮಂಗೋಲಿಯಾ ವಿಮಾನ

ಮೊನ್ನೆ ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮಂಗೋಲಿಯಾ ದೇಶಕ್ಕೆ ಸೇರಿದ ಒಂದು ವಿಮಾನ ನಮ್ಮ ಬೋರಮ್ಮನ ವಶದಲ್ಲಿತ್ತು.

ಬೋರಮ್ಮ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವಿನ ಒಂದು ಹಟ್ಟಿಯವಳು. ಕುರಿ ಕಾಯುವವಳು. ಕಾವಲಿನ ಹುಲ್ಲು ಬಯಲಿನಲ್ಲಿ ಕೋಲು ನೆಟ್ಟು, ಅದರ ಮೇಲೆ ಕಂಬಳಿ ಹೊದಿಸಿ, ಆ ನೆರಳಿನಲ್ಲಿ ವಿಮಾನವನ್ನು ಆಗಷ್ಟೇ ಹುಟ್ಟಿದ ಮರಿಯಂತೆ ಮಲಗಿಸಿ, ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ವಿಮಾನದ ಕಡೆಯವರು ಬಂದು ಕೈಮುಗಿದು ಕೇಳಿದರು. ಕೊಡಲಿಲ್ಲ.

ಗಾಬರಿಯಾಗಬೇಡಿ, ಯುದ್ಧವೇನೂ ಶುರುವಾಗಿಲ್ಲ. ಈ ವಿಮಾನದ ತೂಕ ಕಾಲು ಕೆಜಿಗಿಂತ ಕಡಿಮೆ. ಎಂಜಿನ್ ಇಲ್ಲ, ಪೈಲಟ್ ಇಲ್ಲ, ರಿಮೋಟ್ ಕೂಡ ಇಲ್ಲ. ರಬ್ಬರ್ ಎಳೆಗಳ ಒಂದು ಕಂತೆಯನ್ನು ನೂರಾರು ಸುತ್ತು ತಿರುಚಿ, ಕೈಯಿಂದ ಆಕಾಶಕ್ಕೆ ಎಸೆದರೆ ಮೂತಿಯಲ್ಲಿರುವ ಫ್ಯಾನ್ ಗಿರಗಿರ ತಿರುಗಿ ಅದನ್ನು ಮೇಲಕ್ಕೆ ಒಯ್ಯುತ್ತದೆ. ರಬ್ಬರ್ ಬಿಚ್ಚಿಕೊಂಡು ಮುಗಿದ ಮೇಲೆ ವಿಮಾನ ತನ್ನ ಪಾಡಿಗೆ ತಾನು ಗಾಳಿಯಲ್ಲಿ ತೇಲುತ್ತದೆ. ಯಾರದು ಹೆಚ್ಚು ಹೊತ್ತು ತೇಲುತ್ತದೋ ಅವರು ಗೆದ್ದರು. ಇಷ್ಟೇ ಆಟ. ಫ್ರೀ ಫ್ಲೈಟ್ ಅನ್ನುತ್ತಾರೆ. ಇದಕ್ಕೆ ದೇಶ ದೇಶಗಳಲ್ಲಿ ಸ್ಪರ್ಧೆ ನಡೆಯುತ್ತದೆ, ಎಲ್ಲದರ ಅಂಕ ಕೂಡಿಸಿ ವರ್ಷದ ಕೊನೆಗೆ ಒಬ್ಬರನ್ನು ಚಾಂಪಿಯನ್ ಅಂತ ಕರೆಯುತ್ತಾರೆ.

ಈ ಹುಚ್ಚು ಹಿಡಿದವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಹೆಂಡತಿ ಅಂಬುಜ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಕೂದಲಿಗಿಂತ ಸಣ್ಣ ರೇಷ್ಮೆ ಎಳೆ ಹರಿದರೆ ಕಣ್ಣು ಮುಚ್ಚಿಕೊಂಡು ಗಂಟು ಹಾಕುವ ಕೈ ಅವಳದು. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಂಪಿಗೆ ಹೋಗಿದ್ದಳಂತೆ. ಅಲ್ಲಿ ಹಗುರ ಮರದ ಪಟ್ಟಿ, ಅಂಟು, ತೆಳು ಕಾಗದ ಕೊಟ್ಟು ವಿಮಾನ ಮಾಡಿಸಿದರಂತೆ. ಉಳಿದ ಹುಡುಗಿಯರೆಲ್ಲ ಕ್ಯಾಂಪ್ ಮುಗಿಸಿ ಮನೆಗೆ ಹೋದರು. ಇವಳದು ಇನ್ನೂ ಮುಗಿದಿಲ್ಲ.

ನಾನು ದನದ ಡಾಕ್ಟರ್, ಅದು ನಿಮಗೆ ಗೊತ್ತು. (ಎಮ್ಮೆ, ಟಗರು, ದೊಡ್ಡ ಅಧಿಕಾರಿಗಳ ಸಣ್ಣ ನಾಯಿ, ಎಲ್ಲರ ಕಥೆಯೂ ಈ ಅಂಕಣದಲ್ಲಿ ಬಂದುಹೋಗಿದೆ.) ನಿಮಗೆ ಗೊತ್ತಿಲ್ಲದ ನನ್ನ ಇನ್ನೊಂದು ನೌಕರಿ ಭಾನುವಾರದ್ದು. ಅಂಬುಜ ಹಾರಿಸುತ್ತಾಳೆ, ನಾನು ಓಡುತ್ತೇನೆ. ಕೈಬಿಟ್ಟ ವಿಮಾನ ಗಾಳಿ ಕರೆದ ಕಡೆ ಹೋಗುತ್ತದಲ್ಲ, ಅದನ್ನು ತರುವವರು ಬೇಡವೇ? ಎರಡು ಕಿಲೋಮೀಟರ್, ಮೂರು ಕಿಲೋಮೀಟರ್, ಒಂದು ಸಲವಂತೂ ಬಿ.ಜಿ. ಕೆರೆಯಲ್ಲಿ ಒಬ್ಬರ ಮನೆಯ ಮಾಳಿಗೆಯವರೆಗೆ. ಜಾಲಿ ಮುಳ್ಳು ತುಳಿದಿದ್ದೇನೆ. ನಾಯಿಗಳಿಂದ ಅಟ್ಟಿಸಿಕೊಂಡಿದ್ದೇನೆ. ಶೇಂಗಾ ಹೊಲ ತುಳಿದೆ ಅಂತ ಎರಡು ಭಾಷೆಯಲ್ಲಿ ಬೈಸಿಕೊಂಡಿದ್ದೇನೆ. (ಮೊಳಕಾಲ್ಮೂರು ದಾಟಿದರೆ ಬೈಗುಳ ತೆಲುಗಿಗೆ ತಿರುಗುತ್ತದೆ, ಖಾರ ಮಾತ್ರ ಅಷ್ಟೇ.) ಸರ್ಟಿಫಿಕೇಟಿನಲ್ಲಿ ಓಡಿದವನ ಹೆಸರು ಬರೆಯುವ ಪದ್ಧತಿ ಯಾವ ದೇಶದಲ್ಲೂ ಇಲ್ಲ.

ನಮ್ಮ ಕಾವಲು ಈ ಆಟಕ್ಕೆ ಹೇಳಿ ಮಾಡಿಸಿದ ಜಾಗ. ಹುಲ್ಲು, ಹುಲ್ಲು, ಮತ್ತೆ ಹುಲ್ಲು. ಬಲು ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ. ನಡುವೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಬೇರೆ ಊರಿನ ನೆಂಟರು ಬಂದರೆ "ಏನ್ರೀ ಇದು, ಇಲ್ಲೇನೂ ಇಲ್ವಲ್ಲ" ಅನ್ನುತ್ತಾರೆ. ಅಂಬುಜನ ಮಟ್ಟಿಗೆ ಅದೇ ಈ ಜಾಗದ ದೊಡ್ಡ ಸೌಕರ್ಯ.

ಮೊದಮೊದಲು ಒಂದು ತೊಂದರೆ ಇತ್ತು. ಬಿದ್ದ ವಿಮಾನ ವಾಪಸ್ ಸಿಗುತ್ತಿರಲಿಲ್ಲ. ಕಳ್ಳತನ ಅನ್ನಬೇಡಿ, ಅದು ಭಕ್ತಿ. ಒಂದು ಹಟ್ಟಿಯಲ್ಲಿ ದೇವರ ಪಟದ ಪಕ್ಕ ಮೊಳೆ ಹೊಡೆದು ನೇತುಹಾಕಿ ಕುಂಕುಮ ಇಟ್ಟಿದ್ದರು. "ಮ್ಯಾಲಿಂದ ಬಂದಿದ್ದು ಸಾರ್, ಹಂಗೇ ಬುಡಾಕಾಗ್ತದಾ?" ಅಂದರು. ಇನ್ನೊಂದು ಕಡೆ ರೆಕ್ಕೆ ಅಣ್ಣನ ಮನೆಯಲ್ಲಿ, ಬಾಲ ತಮ್ಮನ ಮನೆಯಲ್ಲಿ, ನ್ಯಾಯವಾಗಿ ಪಾಲಾಗಿತ್ತು. ಮತ್ತೊಂದು ಸಲ ಯಾರೋ ಬೈಕಿನವನು ಬಂದು "ಡಾಕ್ಟ್ರು ಕಳಿಸ್ಯಾರೆ" ಅಂತ ಸುಳ್ಳು ಹೇಳಿ ಒಯ್ದುಬಿಟ್ಟ.

ಆಮೇಲೆ ನಾನು ಪ್ರಚಾರಕ್ಕೆ ಇಳಿದೆ. ಲಸಿಕೆ ಹಾಕಲು ಹೋದ ಹಟ್ಟಿಯಲ್ಲೆಲ್ಲ ಒಂದೇ ಭಾಷಣ. ಬಿದ್ದಿದ್ದನ್ನು ಕಂಡರೆ ಜೋಪಾನವಾಗಿಟ್ಟು ನನಗೆ ಫೋನ್ ಮಾಡಿ. ನಾನೇ ಬರುವ ತನಕ ಯಾರು ಕೇಳಿದರೂ ಕೊಡಬೇಡಿ. ಮಂತ್ರಿ ಬಂದರೂ ಕೊಡಬೇಡಿ. ಕುರಿಗೆ ಸೂಜಿ ಚುಚ್ಚುತ್ತಾ ಚುಚ್ಚುತ್ತಾ ಆಟದ ನಿಯಮ, ಎದುರಾಳಿ ಯಾರು, ಎಷ್ಟು ಸುತ್ತು, ಎಲ್ಲ ವಿವರಿಸುತ್ತಿದ್ದೆ. ಅವರಿಗೆಲ್ಲಿ ಅರ್ಥವಾಗುತ್ತದೆ, ಹೊತ್ತು ಹೋಗಲಿ ಅಂತ ಹೇಳುತ್ತಿದ್ದೆ, ಅಷ್ಟೇ. ಆ ಉಡಾಫೆಗೆ ನಾನು ಚೆನ್ನಾಗಿಯೇ ದಂಡ ತೆತ್ತೆ.

ಈಗ ಈ ವರ್ಷದ ಸರಣಿಗೆ ಬರೋಣ. ಒಟ್ಟು ಮೂರು ಸ್ಪರ್ಧೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಹಂಗೇರಿಯಲ್ಲಿ. ಏರ್‌ಪೋರ್ಟಿನಲ್ಲಿ ಅಂಬುಜನ ಉದ್ದನೆಯ ಪೆಟ್ಟಿಗೆ ನೋಡಿ ಸೆಕ್ಯುರಿಟಿಯವರು ಒಳಗೇನಿದೆ ಅಂತ ಕೇಳಿದರು. ವಿಮಾನ ಅಂದಳು. ವಿಮಾನ ಹತ್ತಲು ಬಂದವಳು ವಿಮಾನ ತಂದಿದ್ದೇನೆ ಅಂದರೆ ಯಾರು ತಾನೇ ನಂಬುತ್ತಾರೆ? ಪೆಟ್ಟಿಗೆ ಬಿಚ್ಚಿಸಿ, ನೋಡಿ, ಕೊನೆಗೆ ಅವರೇ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಕಳಿಸಿದರು. ಅಲ್ಲಿ ಅಂಬುಜ ಎರಡನೇ ಸ್ಥಾನ. ಮೊದಲು ಬಂದವರು ಮಂಗೋಲಿಯಾದ ದೋರ್ಜ್ ಎಂಬ ಹಿರಿಯರು. ಅರವತ್ತು ದಾಟಿದವರು, ಮಾತು ಕಡಿಮೆ, ಈ ಆಟದಲ್ಲಿ ದೊಡ್ಡ ಹೆಸರು.

ಎರಡನೆಯದು ದಸರಾ ರಜೆಯಲ್ಲಿ, ಅದೇ ದೋರ್ಜ್ ಅವರ ದೇಶದಲ್ಲಿ. ಅಂಬುಜ ಮೂರು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು, ಬೆರಳು ಬಗ್ಗದಂಥ ಚಳಿಯಲ್ಲಿ ರಬ್ಬರ್ ತಿರುಚಿ, ಅವರ ಊರಲ್ಲೇ ಅವರನ್ನು ಹಿಂದೆ ಹಾಕಿ ಮೊದಲು ಬಂದಳು. ನಾನು ಇಲ್ಲಿ ನಾಯಕನಹಟ್ಟಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಎಮ್ಮೆಗೆ ಹೆರಿಗೆ ಮಾಡಿಸುತ್ತಿದ್ದೆ. ಫೋನ್ ಬಂತು. "ಗೆದ್ದೆ ರೀ" ಅಂದಳು. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಕರುವಿನ ಕಾಲು. ನನಗೆ ಕಣ್ಣಲ್ಲಿ ನೀರು ಬಂತು. ಎಮ್ಮೆಯ ಮಾಲೀಕ ಕರುವಿಗೇನೋ ಆಯಿತು ಅಂತ ಹೆದರಿಕೊಂಡ.

ಅಲ್ಲಿಗೆ ಲೆಕ್ಕ ಸಮ. ಅವರು ಒಂದು ಕಡೆ ಮೊದಲು, ಇವಳು ಒಂದು ಕಡೆ ಮೊದಲು. ಮೂರನೆಯ ಮತ್ತು ಕೊನೆಯ ಸ್ಪರ್ಧೆ ನಮ್ಮದೇ ಕಾವಲಿನಲ್ಲಿ. ಶೇಂಗಾ ಕಿತ್ತು ಹೊಲಗಳೆಲ್ಲ ಖಾಲಿಯಾದ ಮೇಲೆ, ಬಿಸಿಲು ಹದವಾದ ದಿನಗಳಲ್ಲಿ. ಇಲ್ಲಿ ಯಾರು ಮುಂದೆ ಬರುತ್ತಾರೋ ಅವರೇ ವರ್ಷದ ಚಾಂಪಿಯನ್. ನಲವತ್ತಾರು ವರ್ಷದ ಡ್ರಾಯಿಂಗ್ ಟೀಚರ್ ಒಬ್ಬಳಿಗೆ ಇಂಥ ಅವಕಾಶ ಎಷ್ಟು ಸಲ ಬರುತ್ತದೆ ಹೇಳಿ? ಅಂಬುಜ ಆ ತಿಂಗಳು ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ಆ ಭಾನುವಾರ ಬೆಳಗ್ಗೆ ಏಳಕ್ಕೆ ಶುರು. ಹತ್ತಾರು ದೇಶದವರು, ಅವರ ಸುತ್ತ ಹತ್ತಾರು ಹಟ್ಟಿಯವರು, ಒಂದು ಮಂಡಕ್ಕಿ ಮೆಣಸಿನಕಾಯಿ ಗಾಡಿ. ಏಳು ಸುತ್ತು. ಪ್ರತಿ ಸುತ್ತಿನಲ್ಲಿ ವಿಮಾನ ಮೂರು ನಿಮಿಷ ಆಕಾಶದಲ್ಲಿ ಇರಬೇಕು. ಅಷ್ಟಾದ ಮೇಲೆ ಒಳಗಿನ ಪುಟ್ಟ ಟೈಮರ್ ಬಾಲವನ್ನು ಎತ್ತಿ ಅದನ್ನು ಕೆಳಗಿಳಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಏಳಕ್ಕೆ ಏಳೂ ಸುತ್ತು ಪೂರ್ತಿ ಹಾರಿಸಿದವರು ಇಬ್ಬರೇ ಉಳಿದರು. ದೋರ್ಜ್ ಮತ್ತು ಅಂಬುಜ. ಸಂಜೆ ಐದಕ್ಕೆ ಇವರಿಬ್ಬರಿಗೇ ಕೊನೆಯ ಸುತ್ತು ಅಂತ ಮೈಕಿನಲ್ಲಿ ಹೇಳಿದರು.

ದೋರ್ಜ್ ಅವರ ಗ್ರಹಚಾರ ಕೆಟ್ಟಿತ್ತು. ಅವರು ತಂದಿದ್ದ ಮೂರು ವಿಮಾನಗಳಲ್ಲಿ ಒಂದು ಬೆಳಗ್ಗೆಯೇ, ಸುತ್ತು ಮುಗಿಸಿ ಇಳಿಯುವಾಗ, ಕರೆಂಟ್ ತಂತಿಗೆ ಸಿಕ್ಕಿ ಎರಡಾಯಿತು. ಇನ್ನೊಂದು ಹಾಗೇ ಇಳಿಯುವಾಗ ಜಾಲಿ ಮರದೊಳಗೆ ನುಗ್ಗಿ ಜರಡಿಯಾಯಿತು. ಮೂರನೆಯದು ಏಳನೇ ಸುತ್ತಿನಲ್ಲಿ ಬಿಸಿಗಾಳಿಗೆ ಸಿಕ್ಕಿ ಹದ್ದುಗಳ ಜೊತೆ ಮೇಲೆ ಮೇಲೆ ಹೋಯಿತು. ಮೂರು ನಿಮಿಷವೇನೋ ಆಯಿತು, ಟೈಮರ್ ಮಾತ್ರ ಕೈಕೊಟ್ಟಿತು. ವಿಮಾನ ಇಳಿಯಲೇ ಇಲ್ಲ. ಹೋಗಿ ಹೋಗಿ ಚುಕ್ಕೆಯಾಗಿ ಮಾಯವಾಯಿತು. ಕೊನೆಯ ಸುತ್ತಿಗೆ ಬೇರೆಯವರ ವಿಮಾನ ಇಸ್ಕೊಂಡು ಹಾರಿಸುವ ಹಾಗಿಲ್ಲ. ತನ್ನ ಹೆಸರಲ್ಲಿ ಬರೆಸಿದ್ದನ್ನೇ ಹಾರಿಸಬೇಕು. ಹುಡುಕಿ ತರುವುದೂ ಅವರವರದೇ ಜವಾಬ್ದಾರಿ.

ದೋರ್ಜ್ ಅವರ ಜೊತೆಗಾರ ಬಾಡಿಗೆ ಬೈಕಿನಲ್ಲಿ, ವಿಮಾನ ಎಲ್ಲಿದೆ ಅಂತ ಬೀಪ್ ಬೀಪ್ ಅನ್ನುತ್ತಾ ತೋರಿಸುವ ಪೆಟ್ಟಿಗೆ ಹಿಡಿದು ಹೋದವನು ಎರಡೂವರೆಗೆ ಖಾಲಿ ಕೈಯಲ್ಲಿ ಬಂದ. ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು. ವಿಮಾನ ಸಿಕ್ಕಿದೆ. ಒಂಚೂರೂ ಮುರಿದಿಲ್ಲ. ಒಬ್ಬ ಅಜ್ಜಿ ಅದನ್ನು ಕಾಯುತ್ತಿದ್ದಾಳೆ. ಹತ್ತಿರ ಹೋದರೆ ಕೋಲು ತೋರಿಸುತ್ತಾಳೆ. ಕಂಬಳಿ ಇದೆ, ಕುರಿ ಇದೆ, ಮೂಗಿನ ಎರಡೂ ಕಡೆ ಮೂಗುತಿ ಇದೆ.

ನನಗೆ ಹೊಳೆದುಹೋಯಿತು, ಬೋರಮ್ಮ. ನಾನು ಹೇಳಿದ್ದನ್ನೇ ಅಕ್ಷರಕ್ಕೆ ಅಕ್ಷರ ಪಾಲಿಸುತ್ತಿದ್ದಾಳೆ. ಯಾರಿಗೂ ಕೊಡಬೇಡ ಅಂದಿದ್ದೆನಲ್ಲ, ಯಾರಿಗೂ ಕೊಡುತ್ತಿಲ್ಲ.

ಆಗ ನನಗೇನನ್ನಿಸಿತು ಗೊತ್ತಾ? ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಐದು ಗಂಟೆಗೆ ದೋರ್ಜ್ ಕೈಯಲ್ಲಿ ವಿಮಾನ ಇಲ್ಲ ಅಂದರೆ ಅಂಬುಜ ಸುಮ್ಮನೆ ಒಂದು ಸಲ ಹಾರಿಸಿದರೂ ಚಾಂಪಿಯನ್. ನಾನು ಯಾರಿಗೂ ಮೋಸ ಮಾಡಿಲ್ಲ. ಬೋರಮ್ಮನೂ ಮಾಡಿಲ್ಲ. ತಾನಾಗಿ ಬಂದ ಅದೃಷ್ಟ. ನಾನು ಏನೂ ಗೊತ್ತಿಲ್ಲದವನಂತೆ ಮಂಡಕ್ಕಿ ತಿನ್ನುತ್ತಾ ನಿಂತೆ.

ಅಂಬುಜ ರಬ್ಬರ್ ಎಳೆಗಳಿಗೆ ಎಣ್ಣೆ ಸವರುತ್ತಿದ್ದಳು. ತಲೆ ಎತ್ತದೆ ಅಂದಳು, "ಬೋರಮ್ಮ ಇರ್ಬೇಕಲ್ರೀ ಅದು?"

"ಇರ್ಬಹುದು," ಅಂದೆ.

"ನೀವೇ ಹೋಗಿ ತಂದ್ಕೊಡ್ರಿ."

"ನಾನಾ? ಐದು ಗಂಟೆಗೆ ನಿನ್ನ ವಿಮಾನದ ಹಿಂದೆ ಯಾರು ಓಡೋದು?"

"ಇನ್ನೂ ಎರಡು ಗಂಟೆ ಟೈಮ್ ಐತೆ. ಹೋಗಿ ಬರ್ತೀರಿ."

"ಅಲ್ಲ ಅಂಬುಜಾ, ಅವ್ರು ಹಾರಿಸದೇ ಇದ್ರೆ..."

"ಗೊತ್ತು," ಅಂದಳು. ಅಷ್ಟೇ. ಮತ್ತೆ ರಬ್ಬರಿನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ 'ಗೊತ್ತು' ಕೇಳಿದ ಮೇಲೆ ವಾದ ಮಾಡಿ ನಾನು ಗೆದ್ದಿದ್ದಿಲ್ಲ. ಬೈಕ್ ಹತ್ತಿದೆ.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರ ಇದೆ. ಅದರ ಕೆಳಗೆ ಬೈಕ್ ನಿಲ್ಲಿಸಿದೆ.

ಯಾಕೆ ನಿಲ್ಲಿಸಿದೆ ಅಂತ ಕೇಳಬೇಡಿ, ನಾನೇ ಹೇಳುತ್ತೇನೆ. ಪಂಚರ್ ಆದರೆ ಹೇಗೆ ಅಂತ ಯೋಚನೆ ಬಂತು. ಪಂಚರ್ ಯಾರಿಗೆ ತಾನೇ ಆಗುವುದಿಲ್ಲ? ಈ ದಾರಿಯಲ್ಲಂತೂ ಹೆಜ್ಜೆಗೊಂದು ಜಾಲಿ ಮುಳ್ಳು. ಪಂಚರ್ ಆದ ಬೈಕ್ ತಳ್ಳಿಕೊಂಡು ಆರು ಗಂಟೆಗೆ ವಾಪಸ್ ಹೋದರೆ ಯಾರಾದರೂ ನನ್ನನ್ನು ಬೈಯಲು ಸಾಧ್ಯವೇ? ಅಯ್ಯೋ ಪಾಪ ಅಂತ ನೀರು ಕೊಡುತ್ತಾರೆ. ಮನೆಯಲ್ಲಿ ಅಂಬುಜ ರಬ್ಬರಿನ ಎಳೆ ಎಣಿಸಿದ ರಾತ್ರಿಗಳು, ಅಂಟು ಮೆತ್ತಿ ಚರ್ಮ ಸುಲಿದ ಬೆರಳುಗಳು, ಹಂಗೇರಿಯಿಂದ ಎರಡನೇ ಸ್ಥಾನ ಹೊತ್ತು ಬಂದ ದಿನ ಅವಳ ಮುಖ, ಎಲ್ಲ ಕಣ್ಣ ಮುಂದೆ ಬಂತು. ಕೆಳಗೆ ಕೂತು ಹಿಂದಿನ ಚಕ್ರದ ವಾಲ್ವಿನ ಕ್ಯಾಪ್ ಬಿಚ್ಚಿದೆ. ಕ್ಯಾಪ್ ಅಂಗೈಯಲ್ಲಿತ್ತು, ಉಗುರು ವಾಲ್ವಿನ ಮೇಲಿತ್ತು. ಸುಮಾರು ಎಂಟು ನಿಮಿಷ ಹಾಗೇ ಕೂತಿದ್ದೆ.

ಗಾಳಿ ಯಾಕೆ ಬಿಡಲಿಲ್ಲ? ಮಹಾತ್ಮನೇನೂ ಆಗಲಿಲ್ಲ. ಒತ್ತಬೇಕು ಅಂತ ಮೂರು ಸಲ ಅಂದುಕೊಂಡೆ, ಬೆರಳು ಒತ್ತಲಿಲ್ಲ. ಕ್ಯಾಪ್ ಹಾಕಿ ಕಿಕ್ ಹೊಡೆದೆ.

ಬೋರಮ್ಮ ನನ್ನನ್ನು ನೋಡಿ ಬಾಯಿಯ ಕೆಂಪು ಉ‌ಗಿದು ನಕ್ಕಳು.

"ಬರ್ರಿ ಡಾಕ್ಟ್ರೇ. ನಿಮ್ ಮಾತು ಮೀರಿಲ್ಲ ನೋಡ್ರಿ. ಬಿಸ್ಲು ಕೂಡ ತಾಗಿಸಿಲ್ಲ. ಅವ್ನ್ಯಾವನೋ ಬಂದು ಕೈ ಬಾಯಿ ತಿರುವ್ತಿದ್ದ, ಓಡಿಸ್ದೆ."

"ಬಾಳ ಚೆನ್ನಾಗಿ ಕಾಯ್ದಿದ್ದೀಯ ಬೋರಮ್ಮ. ಈಗ ಕೊಡು, ಹೊರಡ್ತೀನಿ."

ಅವಳು ಕದಲಲಿಲ್ಲ. ಎಲೆಗೆ ಸುಣ್ಣ ಸವರಿದಳು.

"ಐದು ಗಂಟೆ ಮ್ಯಾಲೆ ಬರ್ರಿ, ಕೊಡ್ತೀನಿ."

ನಾನು ಬೆಪ್ಪಾಗಿ ನಿಂತೆ. "ಐದು ಗಂಟೆ ಯಾಕೆ?"

"ಐದಕ್ಕಲ್ವಾ ಕಡೇ ಆಟ? ನಮ್ ಹಟ್ಟಿ ಹೈಕ್ಳೆಲ್ಲ ಅಲ್ಲೇ ಅವ್ರೆ, ಫೋನ್ ಮಾಡಿ ಹೇಳಿದ್ರು. ಟೀಚರಮ್ಮ, ಆ ಮುದುಕ, ಇಬ್ರೇ ಉಳಿದವ್ರಂತೆ. ಇದು ಆ ಮುದುಕಂದು. ಇದಿಲ್ದಿದ್ರೆ ಅವ್ನು ಆಡಂಗಿಲ್ಲ. ನೀವೇ ಅಲ್ವಾ ಹೋದ್ ತಿಂಗ್ಳು ಟಗರಿಗೆ ಸೂಜಿ ಹಾಕ್ತಾ ಎಲ್ಲ ಹೇಳಿದ್ದು?"

ನೋಡಿದಿರಾ? ನಾನು ಅಂದುಕೊಂಡದ್ದು ಹೇಳಿದ್ದನ್ನು ಕಣ್ಣು ಮುಚ್ಚಿ ಪಾಲಿಸುವ ಮುಗ್ಧೆ. ಅಲ್ಲಿ ಕೂತಿದ್ದವಳಿಗೆ ಇಡೀ ಸರಣಿಯ ಲೆಕ್ಕ ಬಾಯಿಪಾಠವಾಗಿತ್ತು. ಬೇವಿನ ಮರದ ಕೆಳಗೆ ನನ್ನ ಉಗುರು ಮಾಡಲಾರದೆ ಹೋದ ಕೆಲಸವನ್ನು ಅವಳು ಆಗಲೇ, ಆರಾಮಾಗಿ, ಎಲೆ ಅಡಿಕೆ ಹಾಕುತ್ತಾ ಮಾಡುತ್ತಿದ್ದಳು.

ಅಲ್ಲಿಂದ ಶುರುವಾಯಿತು ನನ್ನ ವಕೀಲಿಕೆ. ಯಾರ ಪರ? ಎದುರಾಳಿಯ ಪರ. ನಿಯಮ ಹೇಳಿದೆ. "ನಿಯಮದಾಗೆ ನಾನಿಲ್ಲ ಬುಡ್ರಿ," ಅಂದಳು. ದೇಶದ ಮಾನ ಹೋಗುತ್ತದೆ ಅಂದೆ. "ಟೀಚರಮ್ಮ ಸೋತ್ರೆ ಉಳಿತದಾ?" ಅಂದಳು. ಪಾಪ, ವಯಸ್ಸಾದವರು, ಅಷ್ಟು ದೂರದಿಂದ ಬಂದಿದ್ದಾರೆ ಅಂದೆ. "ನಂಗೇನ್ ಕಮ್ಮಿ ವಯಸ್ಸಾ?" ಅಂದಳು. ಕೈಗಡಿಯಾರ ನೋಡಿಕೊಂಡೆ, ಮೂರೂವರೆ ದಾಟಿತ್ತು. ಸ್ವಲ್ಪ ಹೊತ್ತಿನ ಮುಂಚೆ ಇವಳು ಕೊಡದಿದ್ದರೆ ಸಾಕು ಅಂದುಕೊಂಡಿದ್ದ ನಾನು ಈಗ ಕೊಡು ಅಂತ ಅಂಗಲಾಚುತ್ತಿದ್ದೆ.

ಕೊನೆಗೆ ಸೋತು ನಿಜ ಹೇಳಿದೆ. "ನನ್ನ ಅಂಬುಜನೇ ಕಳ್ಸಿದ್ದು ಬೋರಮ್ಮ. ತಂದ್ಕೊಡಿ ಅಂತ."

ಅವಳ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಟೀಚರಮ್ಮನಾ? ನೀವಲ್ಲ?"

"ನಾನಲ್ಲ."

"ಅದೇ ಅನ್ಕಂಡೆ. ನಿಮ್ ಮಖದಾಗೆ ಅಂಥಾದ್ದೇನೂ ಕಾಣ್ಲಿಲ್ಲ."

ನಾನು ಬೈಕಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ.

ಅವಳು ಕಾವಲಿನ ಆ ತುದಿಯಲ್ಲಿದ್ದ ಮೈದುನನಿಗೆ ಕೇಳುವಂತೆ ಒಂದು ಉದ್ದನೆಯ ಕೂಗು ಹಾಕಿದಳು. ಕುರಿ ನೋಡಿಕೋ ಅಂತ. ಕಂಬಳಿ ಇಳಿಸಿದಳು. "ನಡೀರಿ. ನಾನೂ ಬರ್ತೀನಿ. ಅವ್ನ ಕೈಗೆ ನಾನೇ ಕೊಡ್ತೀನಿ. ಸೋತ್ರೆ ಮಾತ್ರ ನಿಮ್ಮಿಬ್ರನ್ನೂ ಸುಮ್ನೆ ಬುಡಲ್ಲ."

ರೆಕ್ಕೆಗಳನ್ನು ಬಿಚ್ಚಿದೆ, ಕಂಬಳಿಯಲ್ಲಿ ಸುತ್ತಿದೆವು. ಅದನ್ನು ಮಡಿಲಲ್ಲಿಟ್ಟುಕೊಂಡು ಬೋರಮ್ಮ ನನ್ನ ಹಿಂದೆ ಕೂತಳು. ದಾರಿಯುದ್ದಕ್ಕೂ "ನಿಧಾನ, ಡಾಕ್ಟ್ರೇ, ಮಗು ಐತೆ" ಅಂತ ನನ್ನ ಬೆನ್ನಿಗೆ ಕೋಲಿನಿಂದ ತಿವಿಯುತ್ತಿದ್ದಳು.

ನಾವು ಮೈದಾನ ಮುಟ್ಟಿದಾಗ ನಾಲ್ಕೂಕಾಲು. ದೋರ್ಜ್ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಬೋರಮ್ಮ ನೆಟ್ಟಗೆ ಹೋಗಿ ಅವರ ಮುಂದೆ ನಿಂತು ಕಂಬಳಿ ಸಮೇತ ಕೊಟ್ಟಳು. ಅವರು ಬಿಚ್ಚಿ ವಿಮಾನ ನೋಡಿದರು. ಒಂದು ಗೀರಿಲ್ಲ. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಬಾಗಿದರು. ಆಮೇಲೆ ಕಂಬಳಿಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು, ಮೂಸಿದರು, ತಿರುಗಿಸಿ ನೇಯ್ಗೆ ನೋಡಿದರು, ತಲೆ ಆಡಿಸಿದರು.

ಬೋರಮ್ಮ ನನ್ನ ಕಡೆ ತಿರುಗಿ ಹೇಳಿದಳು, "ಇವ್ನೂ ಕುರಿಯೋರ ಪೈಕಿನೇ ಕಣ್ರೀ. ಮದ್ಲೇ ಹೇಳಬಾರ್ದಾ?"

ನನಗೇನು ಗೊತ್ತಿತ್ತು? ಎರಡು ಸ್ಪರ್ಧೆಯಿಂದ ಆ ಮನುಷ್ಯನ ಅಂಕ ಎಷ್ಟು, ರಬ್ಬರ್ ಎಷ್ಟು ಸುತ್ತು ಅಂತ ತಿಳಿದುಕೊಂಡಿದ್ದೆ. ಅವರ ಮನೆಯಲ್ಲಿ ಏನು ಸಾಕುತ್ತಾರೆ ಅಂತ ಕೇಳಿರಲಿಲ್ಲ.

ಐದು ಗಂಟೆ. ಕೊನೆಯ ಸುತ್ತಿಗೆ ಹತ್ತು ನಿಮಿಷದ ಅವಧಿ. ಅದರೊಳಗೆ ಯಾವಾಗ ಬೇಕಾದರೂ ಬಿಡಬಹುದು. ಈ ಸಲ ಮೂರು ನಿಮಿಷದ ಮಿತಿ ಇಲ್ಲ, ನೆಲ ಮುಟ್ಟುವ ತನಕ ಎಣಿಕೆ. ಸಂಜೆಯ ಗಾಳಿಯಲ್ಲಿ ಬಿಸಿ ಕಡಿಮೆ. ಎಲ್ಲಿ ಒಂದು ತುಣುಕು ಬಿಸಿಗಾಳಿ ಏಳುತ್ತದೋ ಅದನ್ನು ಹಿಡಿದವರಿಗೆ ಗೆಲುವು. ಅಂಬುಜ ರಬ್ಬರ್ ತಿರುಚತೊಡಗಿದಳು. ಸುತ್ತು ಎಣಿಸುವುದು ಅವಳು ಯಾವಾಗಲೂ ತೆಲುಗಿನಲ್ಲಿ, ಅವರವ್ವ ಮಗ್ಗದ ಮುಂದೆ ಎಳೆ ಎಣಿಸುತ್ತಿದ್ದ ಹಾಗೆ, ತುಟಿ ಮಾತ್ರ ಆಡಿಸುತ್ತಾ.

ಮೂರನೇ ನಿಮಿಷಕ್ಕೆ ದೋರ್ಜ್ ಬಿಟ್ಟರು. ಎಂಥ ಎಸೆತ ಅದು. ವಿಮಾನ ಕಂಬ ಹತ್ತಿದಂತೆ ನೆಟ್ಟಗೆ ಮೇಲಕ್ಕೆ ಹೋಯಿತು. ಜನ ಓ ಅಂದರು. ಅಂಬುಜ ಬಿಡಲಿಲ್ಲ. ನಾಲ್ಕನೇ ನಿಮಿಷ. ಬಿಡಲಿಲ್ಲ. ಐದು, ಆರು. ತಿರುಚಿದ ರಬ್ಬರ್ ಕಾದಷ್ಟೂ ಸುಸ್ತಾಗುತ್ತದೆ, ಜೋರು ಕಡಿಮೆಯಾಗುತ್ತದೆ. ನಾನು ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದಿದ್ದೆ. ಏಳನೇ ನಿಮಿಷಕ್ಕೆ ಗಾಳಿ ಪೂರ್ತಿ ನಿಂತಿತು. ಕೆನ್ನೆಗೆ ಒಂಚೂರು ಬೆಚ್ಚಗೆ ತಾಗಿತು. ಅಂಬುಜ ಎರಡು ಹೆಜ್ಜೆ ಓಡಿ ಕೈಬಿಟ್ಟಳು.

ಅಲ್ಲಿಂದಾಚೆ ನಾನು ಸ್ಕೋರ್ ಬೋರ್ಡ್ ನೋಡಲಿಲ್ಲ. ನನ್ನ ಕೆಲಸ ಓಡುವುದು. ಕತ್ತು ಮೇಲೆ, ಬೈಕ್ ಕೆಳಗೆ. ವಿಮಾನ ಖಾಲಿ ಹೊಲದ ಮೇಲೆ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಇಳಿಯುತ್ತದೆ ಅನ್ನುವಷ್ಟರಲ್ಲಿ ಮತ್ತೆ ಒಂದಾಳು ಮೇಲಕ್ಕೆ ಹೋಯಿತು. ಬೀಳಬೇಡ ತಾಯಿ, ಬೀಳಬೇಡ ಅಂತ ನಾನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ದಾರಿಯಲ್ಲಿ ಎದುರಾದ ಎತ್ತಿನ ಗಾಡಿಯವನು ತನ್ನ ಎತ್ತುಗಳನ್ನು ನಿಲ್ಲಿಸಿಬಿಟ್ಟ. ಕೊನೆಗೆ ಅದು ಒಂದು ಶೇಂಗಾ ಹೊಲದಲ್ಲಿ, ಕಿತ್ತು ಉಳಿದ ಒಣ ಬಳ್ಳಿಗಳ ನಡುವೆ, ಹಗುರಾಗಿ ಕೂತಿತು. ನಾನು ಪಕ್ಕದಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ಎಷ್ಟು ಹೊತ್ತು ಹಾರಿತು, ಸಾಕಾಯಿತೋ ಇಲ್ಲವೋ, ಒಂದೂ ಗೊತ್ತಿಲ್ಲ. ಫೋನಿಗೆ ಸಿಗ್ನಲ್ ಇಲ್ಲ.

ಆಗ ಕೇಳಿಸಿತು. ಕಾವಲಿನ ಆ ತುದಿಯಿಂದ, ಕುರಿ ಕರೆಯುವ ಅದೇ ಉದ್ದನೆಯ ಕೂಗು. ಒಂದಾದ ಮೇಲೊಂದು, ಮೂರು ಸಲ. ಬೋರಮ್ಮ. ನನಗೆ ಸಿಗ್ನಲ್ ಬಂತು.

ದೋರ್ಜ್ ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡ್. ಅಂಬುಜ ನಾಲ್ಕು ನಿಮಿಷ ಐವತ್ತೊಂದು. ಹದಿಮೂರು ಸೆಕೆಂಡ್ ಅಂತರ. ಚಳ್ಳಕೆರೆಯ ಡ್ರಾಯಿಂಗ್ ಟೀಚರ್, ಮೊಳಕಾಲ್ಮೂರಿನ ಮಗ್ಗದ ಮನೆಯ ಮಗಳು, ಈ ವರ್ಷದ ಚಾಂಪಿಯನ್. ನಾನು ವಿಮಾನ ಎದೆಗವಚಿಕೊಂಡು ವಾಪಸ್ ಬಂದಾಗ ದೋರ್ಜ್ ಅವಳ ಕೈ ಹಿಡಿದು ಮೇಲಕ್ಕೆತ್ತಿ ನಿಂತಿದ್ದರು. ಹಟ್ಟಿಯ ಹೆಂಗಸರೆಲ್ಲ ಅವಳ ಕೆನ್ನೆ ಸವರಿ ನೆಟಿಕೆ ಮುರಿಯುತ್ತಿದ್ದರು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆ ಯಾವತ್ತೂ ಪಟ್ಟಿಲ್ಲ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಬೋರಮ್ಮನಿಗೆ ಪಶ್ಚಾತ್ತಾಪ ಏನಾದರೂ ಆಯಿತಾ ಅಂತ ಕೇಳುತ್ತೀರಾ? "ಕೊಡದೇ ಇದ್ರೂ ಗೆಲ್ತಿದ್ರು. ಸುಮ್ನೆ ಪೆಟ್ರೋಲು ಸುಟ್ರಿ," ಅಂತ ಹೇಳಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಮಂಡಕ್ಕಿ ಪೊಟ್ಟಣ ಕಟ್ಟಿಸಿಕೊಂಡು ಹೊರಟಳು.

ಆ ಸಂಜೆ ಎಲ್ಲರೂ ನನ್ನನ್ನೂ ಹೊಗಳಿದರು. ಎದುರಾಳಿಯ ವಿಮಾನ ತಂದುಕೊಟ್ಟ ಗಂಡ ಅಂತ. ಅಷ್ಟು ತಡ ಯಾಕಾಯಿತು ಅಂತ ಯಾರೋ ಕೇಳಿದರು. "ಬೋರಮ್ಮ ಕೊಡಲೇ ಇಲ್ಲ, ಬಾಳ ಹಠ," ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಠ ಮಾಡಿದ್ದು ನಿಜ. ಆದರೆ ಅವಳು ಮಾಡಿದ್ದನ್ನು ಬಾಯಿಬಿಟ್ಟು ಹೇಳಿ ಮಾಡಿದಳು. ಬೇವಿನ ಮರದ ಕೆಳಗಿನ ಎಂಟು ನಿಮಿಷವನ್ನೂ ಅವಳ ತಲೆಗೇ ಕಟ್ಟಿ ನಾನು ಹಾರ ಹಾಕಿಸಿಕೊಂಡೆ. ಈ ವಾರ ಇದನ್ನೆಲ್ಲ ಬರೆಯಲು ಕೂತಿದ್ದೇ ಅದಕ್ಕೆ.

ಬರೆದದ್ದನ್ನು ಪೇಪರಿಗೆ ಕಳಿಸುವ ಮುಂಚೆ ಅಂಬುಜನ ಕೈಗೆ ಕೊಡುವುದು ನನ್ನ ಹಳೆಯ ರೂಢಿ. ನಿನ್ನೆಯೂ ಕೊಟ್ಟೆ. ಕೊಟ್ಟು ಅಡುಗೆಮನೆಗೆ ಹೋಗಿ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತೆ. ಓದಿ ಮುಗಿಸಿ ಕನ್ನಡಕ ತೆಗೆದಳು.

"ಎಂಟು ನಿಮಿಷ ಅಂತ ಬರ್ದಿದ್ದೀರಿ. ಹನ್ನೊಂದು."

"ನಿನಗೆ ಹೇಗೆ ಗೊತ್ತು?"

"ಆ ಬಯಲಲ್ಲಿ ಏನ್ ಬಚ್ಚಿಡೋಕಾಗುತ್ತೆ? ಬೈನಾಕ್ಯುಲರ್ ಇತ್ತು. ಬೈಕಿನ ಧೂಳು ಬೇವಿನ ಮರದ ಹತ್ರ ನಿಂತಿದ್ದು ಕಾಣ್ತು. ಸ್ಟಾಪ್‌ವಾಚ್ ಕೈಯಲ್ಲೇ ಇತ್ತಲ್ಲ, ಒತ್ತಿದೆ."

"ಮತ್ತೆ ಅವತ್ತೇ ಯಾಕೆ ಕೇಳಲಿಲ್ಲ?"

"ಧೂಳು ಮತ್ತೆ ಎದ್ದು ಬೋರಮ್ಮನ ಕಡೆಗೇ ಹೋಯ್ತಲ್ಲ."

"ಈ ಕಡೆ ತಿರುಗಿದ್ರೆ?"

ಅಂಬುಜ ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟಳು.

"ತಿರುಗಿದ್ರೆ, ಐದು ಗಂಟೆಗೆ ನಾನೂ ಹಾರಿಸ್ತಾ ಇರ್ಲಿಲ್ಲ ರೀ."